ವಿಠ್ಠಲವಾಡಿಯ ದೇವರ ಮೀನು

ವೇದಾಳ ಮೀನಿನ ವಿಷಯ ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಜನ ಕೇಳುವ ರೀತಿಯೇ ಹಾಗೆ. "ಒಂದು ಮೀನಿಗೆ ನಿಮ್ಮ ತಂಗಿ ಯಾಕೆ ಅಷ್ಟೆಲ್ಲ ತಲೆ ಕೆಡಿಸಿಕೊಂಡದ್ದು?" ಎಂದು ಕೇಳಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾರೆ. ಒಂದು ಮೀನಲ್ಲ ಮಹರಾಯರೇ, ಒಂದು ಕುಲ! ಮುಂಬ್ರಾ ಗುಡ್ಡದ ಹಿಂದಿನ ಒಂದೇ ಒಂದು ತೊರೆಯಲ್ಲಿ ಇದ್ದದ್ದು, ಈ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ್ದು. ಅದನ್ನು ಗುರುತಿಸಿದವಳು ನನ್ನ ತಂಗಿ, ಅದಕ್ಕೆ ಶಾಸ್ತ್ರೀಯ ಹೆಸರು ಇಟ್ಟವಳೂ ಅವಳೇ. ಅದು ಹೋದದ್ದನ್ನು ನೋಡಿದವಳೂ ಅವಳೇ.

ನಾವು ಡೊಂಬಿವಲಿಯವರು. ಮೂಲ ಉಡುಪಿ ಹತ್ತಿರದ ಕಟಪಾಡಿ, ಆದರೆ ಅಪ್ಪ ಠಾಣೆಯ ನೌಪಾಡಾದಲ್ಲಿ ಹೋಟೆಲಿನ ಕ್ಯಾಶಿನಲ್ಲಿ ಕೂತು ಆಯುಷ್ಯ ಕಳೆದದ್ದರಿಂದ ಊರು ನಮ್ಮ ಪಾಲಿಗೆ ಮೇ ತಿಂಗಳ ರಜೆ ಮಾತ್ರ. ಅಮ್ಮ ಬೇಗ ಹೋದಳು. ಅಮ್ಮನ ಅಕ್ಕ, ಅಕ್ಕು ದೊಡ್ಡಮ್ಮ, ಊರಿನಿಂದ ಬಂದು ಅಕ್ಕತಂಗಿಯರಾದ ನಮ್ಮಿಬ್ಬರನ್ನೂ ಸಾಕಿದಳು. ಸ್ವಂತ ಮಕ್ಕಳಿಲ್ಲದ ಹೆಂಗಸು. ನನ್ನ ಮೇಲೆ ಅವಳಿಗೆ ಪ್ರೀತಿ ಇತ್ತು, ವೇದಾಳ ಮೇಲೆ ಜೀವವೇ ಇತ್ತು. ನನಗೆ ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೀನಿಲ್ಲದೆ ಅನ್ನ ಇಳಿಯದ ಮನೆ ನಮ್ಮದು. ವೇದಾ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿ ಮೀನಿನ ಮೇಲೆ ಸಂಶೋಧನೆ ಮಾಡುತ್ತಾಳೆ ಎಂದಾಗ ದೊಡ್ಡಮ್ಮನಿಗೆ ಖುಷಿಯೋ ಖುಷಿ. ಆಮೇಲೆ ಒಂದು ದಿನ ವೇದಾ ಮುಂಬ್ರಾ ಗುಡ್ಡದಿಂದ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಸಿ ಆ ಮೀನು ತಂದಳು. ನನ್ನ ಕಿರುಬೆರಳಿನಷ್ಟು ಉದ್ದ, ಪಕ್ಕೆಯಲ್ಲಿ ಅರಿಶಿನದ ಗೆರೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

"ಇದು ಯಾವ ಸಂಪತ್ತಿಗೆ ಮಗಾ? ಪುಳಿಮುಂಚಿಗೆ ಹಾಕಿದ್ರೆ ಮಸಾಲೆಯೊಳಗೆ ಹುಡುಕ್ಬೇಕಷ್ಟೆ."

"ತಿನ್ಲಿಕ್ಕಲ್ಲ ದೊಡ್ಡಮ್ಮ. ಇದು ಯಾವ ಪುಸ್ತಕದಲ್ಲೂ ಇಲ್ಲ. ಇದಕ್ಕೆ ಇನ್ನೂ ಹೆಸರೇ ಇಲ್ಲ."

"ಹೆಸರಿಲ್ಲದ್ದಕ್ಕೆ ಇಷ್ಟು ಕುಣಿತವಾ!"

ಅದು ಎರಡು ಸಾವಿರದ ಮೂರನೇ ಇಸವಿ. ಅಲ್ಲಿಂದ ಶುರುವಾಯಿತು ನೋಡಿ. ಹೆಸರಿಡುವುದೆಂದರೆ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಊದಿದಂತಲ್ಲ. ರೆಕ್ಕೆಯ ಎಲುಬು ಎಣಿಸಬೇಕು, ಹುರುಪೆ ಎಣಿಸಬೇಕು, ದೇಶದ ಮ್ಯೂಸಿಯಂಗಳಲ್ಲೆಲ್ಲ ಜಾಡಿಯಲ್ಲಿಟ್ಟ ಅದರ ದಾಯಾದಿಗಳ ಪಕ್ಕದಲ್ಲಿಟ್ಟು ನೋಡಬೇಕು. ಅಷ್ಟಕ್ಕೇ ಅವಳಿಗೆ ನಾಲ್ಕು ವರ್ಷ ಹಿಡಿಯಿತು. ನೌಕರಿ ಕಲ್ಯಾಣದ ಒಂದು ಕಾಲೇಜಿನಲ್ಲಿ, ಆಮೇಲೆ ನವಿ ಮುಂಬೈಯ ನೆರೂಳಿನ ಇನ್ನೊಂದರಲ್ಲಿ, ಎರಡೂ ಕಡೆ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ 'ಈ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ' ಎಂದು ಜೀವ ಕೈಯಲ್ಲಿ ಹಿಡಿದು ಕೂರುವುದು. ಸಂಶೋಧನೆಗೆ ಅನುದಾನ ಕೇಳಲು ಹೋದರೆ ಸಮಿತಿಯ ದೊಡ್ಡವರ ಪ್ರಶ್ನೆ ಒಂದೇ: ತಿನ್ನುವ ಮೀನಾ, ಮಾರುವ ಮೀನಾ? ಎರಡೂ ಅಲ್ಲ ಎಂದರೆ, ಮತ್ತೆ ಯಾಕಮ್ಮಾ?

ಮದುವೆಗೆ ಬಂದ ಗಂಡುಗಳಿಗೂ ಅದೇ ಪ್ರಶ್ನೆ. ಕಾಲಿಗೆ ಗಂಬೂಟು, ಬೆನ್ನಿಗೆ ಬಲೆ, ಭಾನುವಾರ ಬೆಳಗಾದರೆ ಮುಂಬ್ರಾ. ನಾನು ಬೈದೆ, ಬೈದು ಸಾಕಾಯಿತು. "ನಿನ್ನ ಮೀನಿಗೆ ಹೆಸರಾಯ್ತು, ಇನ್ನು ನಿನ್ನ ಹೆಸರಿನ ಮುಂದೆ ಒಂದು ಹೆಸರು ಬರ್ಲಿ ಮಾರಾಯ್ತಿ" ಎಂದೆ. ಅವಳು ನಕ್ಕಳು. ಅವಳ ನಗು ಹೇಗೆಂದರೆ, ಬೈದವರಿಗೇ ನಾಚಿಕೆಯಾಗಬೇಕು.

ಹೆಸರು ಅಚ್ಚಾಗಿ ಬಂದ ವರ್ಷವೇ ತೊರೆಯ ಮೇಲ್ಭಾಗದಲ್ಲಿ ಕಲ್ಲು ಒಡೆಯಲು ಶುರು ಮಾಡಿದರು. ಕಲ್ಲಿನ ಹುಡಿ ಇಳಿದು ಇಳಿದು ಮೊದಲ ಗುಂಡಿ ಹೂತುಹೋಯಿತು. ಆಮೇಲೆ ಕಟ್ಟಡ ಒಡೆದ ಮಣ್ಣು, ಇಟ್ಟಿಗೆ, ಕಮೋಡು ಎಲ್ಲ ಟ್ರಕ್ಕಿನಲ್ಲಿ ತಂದು ಸುರಿದರು. ವೇದಾ ಕಚೇರಿ ಕಚೇರಿ ಅಲೆದಳು. ಹೋದಲ್ಲೆಲ್ಲ ಕುರ್ಚಿ ಕೊಟ್ಟು, ಚಹಾ ಕೊಟ್ಟು, "ಬಘೂಯಾ ಮೇಡಂ, ನೋಡೋಣ" ಎಂದು ಕಳಿಸಿದರು. ನೋಡೋಣ ನೋಡೋಣ ಎನ್ನುವುದರೊಳಗೆ ನೋಡಲು ಒಂದೇ ಒಂದು ಗುಂಡಿ ಉಳಿಯಿತು.

ಕೊನೆಗೆ ಬದ್ಲಾಪುರದ ಆಚೆ, ಕಾಡಿನೊಳಗಿನ ಒಂದು ತೊರೆಗೆ ಈ ಮೀನುಗಳನ್ನು ಸಾಗಿಸಬಹುದು ಎಂದು ಅನುಮತಿ ಸಿಕ್ಕಿತು. ಅದಕ್ಕೂ ಮೂರು ವರ್ಷ ಅಲೆದಿದ್ದಳು. ಆದರೆ ಆ ತೊರೆಯಲ್ಲಿ ನೀರು ಬರುವುದು ಮಳೆ ಬಂದ ಮೇಲೆ, ಇಲ್ಲಿ ಗುಂಡಿ ಮುಚ್ಚಿಹೋಗುವುದು ಮಳೆಗಿಂತ ಮೊದಲು. ಜನವರಿಯಿಂದ ಜೂನ್‌ವರೆಗೆ ಎಲ್ಲಿಯಾದರೂ ಜೀವ ಉಳಿಸಿಕೊಂಡರೆ ಸಾಕು. ಕಾಲೇಜಿನ ಗಾಜಿನ ತೊಟ್ಟಿಯಲ್ಲಿ ಎರಡು ಸಲ ಇಟ್ಟು ನೋಡಿದ್ದಳು, ಎರಡು ಸಲವೂ ವಾರದೊಳಗೆ ಸತ್ತಿದ್ದವು. ಅವಕ್ಕೆ ಮಣ್ಣಿನ ತಳ, ಕಲ್ಲಿನ ಸಂದು, ತಂಪು ಬೇಕು.

ಆಗ ನೆನಪಾದದ್ದು ವಿಠ್ಠಲವಾಡಿಯ ಭಜನಾ ಮಂದಿರ. ಕಲ್ಯಾಣ ದಾಟಿದರೆ ಮುಂದಿನ ಸ್ಟೇಶನ್. ಅಲ್ಲಿ ನಮ್ಮ ಊರಿನವರೇ ಸೇರಿ ನಡೆಸುವ ಮಂದಿರದ ಹಿಂದೆ ಒಂದು ಹಳೇ ಕಲ್ಲು ಕಟ್ಟಿದ ಕೆರೆ, ಕೆರೆ ಎಂದರೆ ದೊಡ್ಡ ಬಾವಿಯಷ್ಟು. ತಳದಲ್ಲಿ ಒರತೆ, ಮೇಲೆ ಅಶ್ವತ್ಥದ ನೆರಳು. ಮಂದಿರದ ಅಧ್ಯಕ್ಷ ಮುಂಡಪ್ಪಣ್ಣ, ಹೋಟೆಲು ನಡೆಸಿ ಮಕ್ಕಳಿಗೆ ಬಿಟ್ಟುಕೊಟ್ಟು ಈಗ ದೇವರ ಕೆಲಸ ಮಾಡುವವರು. ವೇದಾ ಕೇಳಿದ ಕೂಡಲೇ ಒಪ್ಪಿದರು.

"ಮೀನು ಬಿಡು, ಅದಕ್ಕೇನಂತೆ. ಆದ್ರೆ ವೇದಾ, ನಮ್ಮ ಜನರನ್ನು ನಿಲ್ಲಿಸುವುದು ನನ್ನಿಂದಾಗ್ಲಿಕ್ಕಿಲ್ಲ. ಹೂವಿನ ಕಸ ಅಲ್ಲಿಗೇ ಹಾಕ್ತಾರೆ, ಗಣಪತಿಯನ್ನು ಅಲ್ಲಿಗೇ ಬಿಡ್ತಾರೆ, ಪಾತ್ರೆ ಸಹಿತ ಅಲ್ಲಿಗೇ ತೊಳೀತಾರೆ. ನಾನು ಹೇಳಿ ಹೇಳಿ ಗಂಟಲು ಹೋಯ್ತು."

ಮಂದಿರದ ಶನಿವಾರದ ಭಜನೆ ಮುಗಿದ ಮೇಲೆ ವೇದಾ ಎದ್ದು ನಿಂತು ಮಾತಾಡಿದಳು. ನಾನೂ ಇದ್ದೆ, ದೊಡ್ಡಮ್ಮನೂ ಇದ್ದಳು. ಅಪರೂಪದ ಜಾತಿ, ಪರಿಸರ, ಸಮತೋಲನ ಎಂದು ಶುರು ಮಾಡಿದಳು. ಗಂಡಸರು ಚಪ್ಪಲಿ ಹುಡುಕತೊಡಗಿದರು. ಹೆಂಗಸರು ಪ್ರಸಾದದ ಪೊಟ್ಟಣ ಕಟ್ಟತೊಡಗಿದರು. ಹತ್ತು ವರ್ಷದ ಕೆಲಸ, ಕೇಳುವವರು ಯಾರೂ ಇಲ್ಲ. ಅವಳು ಕೈಯಲ್ಲಿದ್ದ ಚೀಟಿಯನ್ನು ಮಡಚಿದಳು. ಆಮೇಲೆ ಬೇರೆಯದೇ ದನಿಯಲ್ಲಿ ಹೇಳಿದಳು.

"ನಮ್ಮ ಊರಿನ ಹೊಳೆಬದಿಯ ದೇವಸ್ಥಾನಗಳಲ್ಲಿ ದೇವರ ಮೀನು ಇರ್ತದಲ್ಲ? ಅದನ್ನು ಯಾರಾದ್ರೂ ಮುಟ್ತಾರಾ? ಇದೂ ಅದೇ. ದೇವರ ಮೀನು. ಅವುಗಳಿಗೆ ತೊಂದರೆ ಕೊಟ್ರೆ ಆ ದೇವರೇ ನೋಡಿಕೊಳ್ತಾನೆ."

ಚಪ್ಪಲಿ ಹಾಕಿದ್ದವರು ಚಪ್ಪಲಿ ಕಳಚಿದರು. ದೊಡ್ಡಮ್ಮ ಕೂತಲ್ಲೇ ಕೈ ಮುಗಿದಳು. ನನಗೆ ನಗು ತಡೆಯಲಾಗಲಿಲ್ಲ. ದೇವರಿಗೆ ದೀಪ ಹಚ್ಚಲೂ ಸೋಮಾರಿಯಾದ ನನ್ನ ತಂಗಿ, ಒಂದೇ ಬಾಯಿಗೆ ಒಂದು ಕ್ಷೇತ್ರವನ್ನೇ ಸ್ಥಾಪಿಸಿಬಿಟ್ಟಳಲ್ಲ!

ಟ್ರೇನಿನಲ್ಲಿ ಬರುವಾಗ ಚುಡಾಯಿಸಿದೆ. "ಎಂತ ಸ್ವಾಮೀಜಿ, ಮಠ ಯಾವಾಗ ಕಟ್ಟುವುದು?"

"ಬೇರೆ ದಾರಿ ಇತ್ತಾ ಅಕ್ಕ?" ಎಂದಳು. "ಮಳೆ ಬರುವವರೆಗೆ ಅಷ್ಟೇ."

ಮರುದಿನದಿಂದ ಕೆರೆಗೆ ಒಂದು ಹೂವಿನ ಎಸಳು ಬೀಳಲಿಲ್ಲ. ಮುಂಡಪ್ಪಣ್ಣ ಸುತ್ತ ಕಂಬಿ ಹಾಕಿಸಿದರು. 'ಕೆರೆಗೆ ಏನನ್ನೂ ಹಾಕಬಾರದು' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಫಲಕ ಬರೆಸಿದರು. ಸರಕಾರಕ್ಕೆ ಇಷ್ಟು ವರ್ಷದಲ್ಲಿ ಆಗದ್ದನ್ನು ಒಂದು ಸುಳ್ಳು ಒಂದು ವಾರದಲ್ಲಿ ಮಾಡಿತು. ಮುಂಬ್ರಾದ ಕೊನೆಯ ಗುಂಡಿಯಲ್ಲಿದ್ದ ಮೀನುಗಳನ್ನೆಲ್ಲ ವೇದಾ ಕ್ಯಾನಿನಲ್ಲಿ ತುಂಬಿಸಿ ತಂದು ಬಿಟ್ಟಳು. ಫೆಬ್ರವರಿಯಲ್ಲಿ ಆ ಗುಂಡಿಯೂ ಮುಚ್ಚಿತು. ಇನ್ನು ಲೋಕದಲ್ಲಿ ಆ ಮೀನು ಇದ್ದದ್ದು ವಿಠ್ಠಲವಾಡಿಯಲ್ಲಿ ಮಾತ್ರ.

ಅವು ಅಲ್ಲಿ ಚೆನ್ನಾಗಿದ್ದವು. ಮಾರ್ಚ್‌ನಲ್ಲಿ ಕಲ್ಲಿನ ಸಂದಿಯಲ್ಲಿ ಮರಿ ಕಂಡವು. ವೇದಾ ನನಗೆ ಫೋನು ಮಾಡಿ ಮಾತೇ ಆಡಲಿಲ್ಲ, ಅತ್ತಳು. ನಾನೂ ಶಾಲೆಯ ಸ್ಟಾಫ್ ರೂಮಿನಲ್ಲಿ ನಿಂತು ಅತ್ತೆ. ಪಕ್ಕದ ಟೀಚರು ಯಾರೋ ತೀರಿಕೊಂಡರೆಂದು ನೀರು ತಂದು ಕೊಟ್ಟಳು.

ಮೇ ತಿಂಗಳು ಬಂತು, ಡೊಂಬಿವಲಿಯ ಸೆಕೆ ಗೊತ್ತಲ್ಲ, ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಆ ಸೆಕೆಯಲ್ಲಿ ವೇದಾಳಿಗೆ ಕಾಮಾಲೆ ಹಿಡಿಯಿತು. ಎಲ್ಲೆಲ್ಲಿಯ ನೀರು ಕುಡಿದಿದ್ದಳೋ. ಕಣ್ಣು, ಉಗುರು ಎಲ್ಲ ಹಳದಿ. ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದರು. ಅವಳನ್ನು ನನ್ನ ಮನೆಗೆ ತಂದು ಮಲಗಿಸಿದೆ. ಎರಡು ದಿನ ಅವಳಿಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ. ದೊಡ್ಡಮ್ಮ ಪಕ್ಕದಲ್ಲೇ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು, ಫ್ಯಾನು ತಿರುಗುತ್ತಿದ್ದರೂ.

ಮೂರನೇ ದಿನದಿಂದ ದೊಡ್ಡಮ್ಮ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ತಲೆಗೆ ಸ್ನಾನ ಮಾಡಿ ಎಲ್ಲಿಗೋ ಹೋಗಲು ಶುರು ಮಾಡಿದಳು. "ಭಜನೆಗೆ" ಎಂದಳು. ನಾನು ಹೆಚ್ಚು ಕೇಳಲಿಲ್ಲ. ಮನೆಯಲ್ಲಿ ರೋಗಿ, ಶಾಲೆಯಲ್ಲಿ ಪರೀಕ್ಷೆಯ ಪೇಪರು, ಅಡುಗೆಮನೆಯಲ್ಲಿ ನೀರಿಲ್ಲ, ಹೆಂಗಸಿಗೆ ಎಷ್ಟು ಕೈ?

ಎರಡು ವಾರ ಕಳೆದ ಮೇಲೆ ವೇದಾ ದಿಂಬಿಗೆ ಒರಗಿ ಗಂಜಿ ಕುಡಿಯುವಷ್ಟಾದಳು. ದೊಡ್ಡಮ್ಮ ಬೆಳಿಗ್ಗೆ ಬಂದವಳೇ ಅವಳ ಗಲ್ಲ ಹಿಡಿದಳು, ಕುಣಿಯುವುದೊಂದು ಬಾಕಿ.

"ಇನ್ನು ಗುಟ್ಟು ಯಾಕೆ, ಹೇಳಿಬಿಡ್ತೇನೆ ಬಾಲೆ. ನಿನ್ನ ಕಾಮಾಲೆ ಇಳಿಯಲಿ ಅಂತ ನಿನ್ನ ದೇವರ ಮೀನಿಗೇ ಹರಕೆ ಹೇಳಿದ್ದೆ. ಊರಲ್ಲಿ ಮೈಯ ರೋಗಕ್ಕೆ ಮೀನಿಗೆ ಅಕ್ಕಿ ಹಾಕ್ತಾರಲ್ಲ, ಹಾಗೆ. ದಿನಾ ಒಂದು ಸೇರು ಅಕ್ಕಿ, ಒಂದು ಸೇರು ಭತ್ತದ ಹೊದಳು. ನಾನು ಒಬ್ಬಳೇ ಅಲ್ಲ, ಭಜನೆಯ ಹೆಂಗಸರೆಲ್ಲ ಹಾಕಿದ್ರು. ನಿನಗೋಸ್ಕರ! ಒಬ್ಬಳು ಬಾಳೆಹಣ್ಣು ಸಹ ತಂದಿದ್ಲು."

ವೇದಾಳ ಕೈಯಲ್ಲಿದ್ದ ಗಂಜಿಯ ಲೋಟ ನಿಂತಿತು.

"ಕೆರೆಗೆ ಹಾಕಿದ್ರಾ ದೊಡ್ಡಮ್ಮ? ಏನೂ ಹಾಕಬಾರದು ಅಂತ ಬರೆದಿದೆಯಲ್ಲ?"

"ಅದು ಕಸಕ್ಕೆ ಹೇಳಿದ್ದಲ್ವಾ ಮಗಾ. ನೈವೇದ್ಯ ಕಸವಾ? ದೇವರ ಮೀನು ಅಂತ ನೀನೇ ಹೇಳಿದ್ದು, ದೇವರನ್ನು ಉಪವಾಸ ಹಾಕ್ಲಿಕ್ಕುಂಟಾ? ಮೊದಮೊದಲು ನಾಚಿಕೆ ಅವಕ್ಕೆ, ಕಲ್ಲಿನಡಿಯಿಂದ ಬರ್ತಾನೇ ಇರ್ಲಿಲ್ಲ. ಈಗ ನೋಡ್ಬೇಕು ನೀನು! ನಾವು ಹೋಗುವ ಮೊದಲೇ ಎಲ್ಲ ಮೇಲೆ ಬಂದು ಸಾಲಾಗಿ ನಿಂತಿರ್ತವೆ. ಬಾಯಿ ತೆರೆದು ತೆರೆದು ಕೇಳ್ತವೆ. ಇವತ್ತು ನಾನು ಕೈಯಲ್ಲಿ ಮುಟ್ಟಿದೆ, ಓಡ್ಲಿಲ್ಲ. ದೇವೆರೆ, ನನ್ನ ಮೈ ಜುಂ ಅಂತು."

"ಎಷ್ಟು ಹೊತ್ತಿಗೆ?" ವೇದಾಳ ದನಿ ಕೇಳಿ ನಾನು ಅಡುಗೆಮನೆಯಿಂದ ಹೊರಗೆ ಬಂದೆ. "ಎಷ್ಟು ಹೊತ್ತಿಗೆ ಮೇಲೆ ಬರ್ತವೆ?"

"ಸೂರ್ಯ ಹುಟ್ಟುವ ಮೊದಲು."

ವೇದಾ ಹಾಸಿಗೆಯಿಂದ ಇಳಿದಳು. ಇಳಿದಳು ಎಂದರೆ ಬಿದ್ದಳು. ಗೋಡೆ ಹಿಡಿದು ಎದ್ದು ನೈಟಿಯ ಮೇಲೆಯೇ ದುಪಟ್ಟಾ ಹಾಕಿಕೊಂಡಳು. "ಅಕ್ಕ, ಬಾ" ಎಂದಳು ಅಷ್ಟೇ. ನಾನು ಬೈಯಲು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿದೆ.

ರಿಕ್ಷಾದಲ್ಲಿ ಹೇಳಿದಳು. ಕೊಳೆತ ಅಕ್ಕಿ ನೀರಿನ ಪ್ರಾಣವಾಯುವನ್ನೆಲ್ಲ ತಿಂದುಹಾಕುತ್ತದೆ. ಹಗಲು ಪಾಚಿಯಿಂದ ಒಂದಿಷ್ಟು ಹುಟ್ಟುತ್ತದೆ, ಇರುಳೆಲ್ಲ ಖರ್ಚಾಗಿ ಬೆಳಗಿನ ಜಾವಕ್ಕೆ ಏನೂ ಉಳಿಯುವುದಿಲ್ಲ. ಆಗ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ.

"ಅವು ಅಕ್ಕಿ ಕೇಳ್ತಾ ಇರ್ಲಿಲ್ಲ ಅಕ್ಕ. ಉಸಿರು ಕಟ್ಟಿ ಬಾಯಿ ಬಿಡ್ತಾ ಇದ್ದವು. ಅದನ್ನು ನೋಡಿ ಇನ್ನೂ ಅಕ್ಕಿ ಹಾಕಿದ್ರು."

ಅದನ್ನು ಕೇಳಿ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ರಿಕ್ಷಾದವನ ಮೇಲೆ ಮಾಡಿದೆ. "ಅರೇ ಭಯ್ಯಾ, ಜಲ್ದಿ ಚಲಾವ್ ನಾ! ಎತ್ತಿನಗಾಡಿಯಾ ಇದು?" ಅರ್ಧ ಹಿಂದಿ, ಅರ್ಧ ಕನ್ನಡ. ಪಾಪ, ಅವನು ಓಡಿಸಿದ.

ಕೆರೆಯ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ನಾತ ಬಾಗಿಲಿಗೇ ಬಡಿಯಿತು. ಮೆಟ್ಟಿಲ ಪಕ್ಕದಲ್ಲೆಲ್ಲ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಮರಿಗಳೂ ಸೇರಿ. ಮಧ್ಯದಲ್ಲಿ ಇನ್ನೂ ಕೆಲವು ಬಾಯಿ ಆಡಿಸುತ್ತಿದ್ದವು. ಕಟ್ಟೆಯ ಮೇಲೆ ಆ ಬೆಳಗಿನ ಹೊದಳು ಹಾಗೇ ಚೆಲ್ಲಿತ್ತು.

ವೇದಾ ನೈಟಿಯಲ್ಲೇ ಸೊಂಟದ ತನಕ ನೀರಿಗಿಳಿದಳು. ಅಂಗೈಯಿಂದ ನೀರು ಎತ್ತಿ ಎತ್ತಿ ಸುರಿಯತೊಡಗಿದಳು. ಮುಂಡಪ್ಪಣ್ಣ ಓಡಿ ಬಂದು ನೋಡಿ ಹಣೆ ಹಣೆ ಚಚ್ಚಿಕೊಂಡರು. "ಟ್ಯಾಂಕರ್ ತರಿಸ್ತೇನೆ, ಐದು ನಿಮಿಷ" ಎಂದು ಫೋನು ತೆಗೆದರು.

"ಬೇಡ!" ಎಂದು ವೇದಾ ಕಿರುಚಿದಳು. "ಅದರಲ್ಲಿ ಬ್ಲೀಚಿಂಗ್ ಪೌಡರ್ ಇರ್ತದೆ. ಇರುವವೂ ಸಾಯ್ತವೆ. ಇದೇ ನೀರನ್ನು ಎತ್ತಿ ಮೇಲಿನಿಂದ ಸುರಿಯಿರಿ. ಗಾಳಿ ಸೇರ್ಬೇಕು. ಎಲ್ಲರೂ ಬನ್ನಿ, ದಮ್ಮಯ್ಯ!"

ಬಂದರು. ಅಕ್ಕಿ ಹಾಕಿದ ಹೆಂಗಸರೇ ಬಂದರು. ಕೊಡಪಾನ, ಬಕೆಟ್, ಚೊಂಬು, ಮಂದಿರದ ಪಂಚಕಜ್ಜಾಯದ ಪಾತ್ರೆ, ಸಿಕ್ಕಿದ್ದನ್ನೆಲ್ಲ ಹಿಡಿದು ಮೆಟ್ಟಿಲಿನ ಮೇಲೆ ಸಾಲು ನಿಂತು ಬಿಸಿಲೇರುವವರೆಗೆ, ಬಿಸಿಲೇರಿದ ಮೇಲೂ, ನೀರು ಎತ್ತಿ ಸುರಿದರು. ಯಾಕೆ ಎಂದು ಒಬ್ಬಳೂ ಕೇಳಲಿಲ್ಲ. ಎಪ್ಪತ್ತು ದಾಟಿದ ದೊಡ್ಡಮ್ಮ ನಮ್ಮ ಹಿಂದೆಯೇ ಟ್ರೇನಿನಲ್ಲಿ ಬಂದು, ಸೆರಗು ಸಿಕ್ಕಿಸಿ, ಅವಳೂ ಸುರಿದಳು. "ಬಿಸಿಲಿಗೆ ನೀರು ಕೆಟ್ಟಿತಾ ಮಗಾ?" ಎಂದು ಕೇಳಿದಳು. ವೇದಾ ತಲೆ ಎತ್ತದೆ "ಹೌದು ದೊಡ್ಡಮ್ಮ, ಬಿಸಿಲಿಗೆ" ಎಂದಳು. ನಾನು ಹಲ್ಲು ಕಚ್ಚಿ ಕೊಡಪಾನ ಎತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಜೀವ ಇದ್ದವನ್ನೆಲ್ಲ ಒಂದು ದೊಡ್ಡ ಟಬ್ಬಿಗೆ ಹಾಕಿ, ಮಂದಿರದ ಜಗಲಿಯಲ್ಲಿ ಗಾಳಿಯ ಪಂಪು ಹಚ್ಚಿ ಇಟ್ಟಳು. ವೇದಾ ಅಲ್ಲಿಂದ ಕದಲಲಿಲ್ಲ. ಮನೆಗೆ ಬಾ, ನಿನ್ನ ಕಣ್ಣು ಇನ್ನೂ ಹಳದಿಯಾಗಿದೆ, ಸಾಯಬೇಕೆಂದಿದ್ದೀಯಾ ಎಂದು ಕೂಗಾಡಿದೆ, ಕಾಲು ಹಿಡಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ನಾನೂ ಅಲ್ಲೇ ಚಾಪೆ ಹಾಸಿದೆ. ಮೀನುಗಳು ಒಂದೊಂದಾಗಿ ಹೋದವು. ಕಿವಿರು ಕೆಟ್ಟುಹೋಗಿದೆ, ಇನ್ನು ಒಳ್ಳೆಯ ನೀರಿದ್ದರೂ ಉಸಿರಾಡಲಾರವು ಎಂದಳು. ಹೋದದ್ದನ್ನು ಪ್ರತಿ ಸಲ ಅವಳೇ ಮೆಲ್ಲಗೆ ಎತ್ತಿ ಸ್ಪಿರಿಟ್ಟಿನ ಬಾಟಲಿಗೆ ಹಾಕುತ್ತಿದ್ದಳು.

ಮೂರನೇ ದಿನ ಒಂದೇ ಉಳಿದಿತ್ತು. ಹೆಣ್ಣು, ಹೊಟ್ಟೆ ತುಂಬ ಮೊಟ್ಟೆ. ವೇದಾ ಟಬ್ಬಿನ ಅಂಚಿಗೆ ಗಲ್ಲ ಊರಿ ಅದರ ಜೊತೆ ಮಾತಾಡಿದಳು. ನನ್ನ ತಂಗಿ, ಡಾಕ್ಟರೇಟ್ ಮಾಡಿದವಳು, ಒಂದು ಮೀನಿಗೆ "ಇನ್ನು ಸ್ವಲ್ಪ ದಿನ ಕಣೇ, ಮಳೆ ಬರ್ತದೆ, ಬದ್ಲಾಪುರಕ್ಕೆ ಹೋಗುವ" ಎಂದು ಬೇಡಿಕೊಂಡಳು. ಮಧ್ಯಾಹ್ನ ಊಟದ ಹೊತ್ತಿಗೆ ಅದು ಪಕ್ಕಕ್ಕೆ ವಾಲಿತು. ಅವಳು ಬೆರಳಿನಿಂದ ನೆಟ್ಟಗೆ ನಿಲ್ಲಿಸಿದಳು. ಮತ್ತೆ ವಾಲಿತು. ಮತ್ತೆ ನಿಲ್ಲಿಸಿದಳು. ಸಾಕು ವೇದಾ ಎಂದು ನಾನೇ ಅವಳ ಕೈಯನ್ನು ನೀರಿನಿಂದ ಹೊರಗೆ ತೆಗೆದೆ.

ಅನುಮತಿ ಕೊಟ್ಟ ಕಚೇರಿಗೆ ಅವಳೇ ಫೋನು ಮಾಡಿ ತಿಳಿಸಿದಳು. ಆ ಕಡೆಯವನು ಬಹಳ ಮರ್ಯಾದೆಯಿಂದ, ಪರವಾಗಿಲ್ಲ ಮೇಡಂ, ಮುಂದಿನ ವರ್ಷ ಬೇರೆ ಮೀನು ಹಿಡಿದು ತನ್ನಿ, ಮತ್ತೆ ಕೊಡೋಣ ಎಂದನಂತೆ. ವೇದಾ ಥ್ಯಾಂಕ್ಯೂ ಎಂದು ಫೋನಿಟ್ಟಳು. ಅಳಲೂ ಇಲ್ಲ. ಅತ್ತಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಒಂದು ಸಂಜೆ ಮುಂಡಪ್ಪಣ್ಣ ಒದ್ದೆ ಕೊಡೆ ಹಿಡಿದು ಮನೆಗೆ ಬಂದರು. ವೇದಾ ಒಳಗೆ ಮಲಗಿದ್ದಳು. ಅವರು ತಗ್ಗಿದ ದನಿಯಲ್ಲಿ ಹೇಳಿದರು.

"ಶ್ರೀವಿದ್ಯಾ, ನನಗೆ ಗೊತ್ತಾಗಿದೆ ಅಕ್ಕಿಯಿಂದ ಆದದ್ದು ಅಂತ. ಕೆಲವು ಹೆಂಗಸರಿಗೂ ಸಂಶಯ ಬಂದಿದೆ. ಒಬ್ಬಳು ಊಟ ಬಿಟ್ಟಿದ್ದಾಳೆ. ದೇವರ ಮೀನು ಸತ್ತದ್ದು ದೊಡ್ಡ ಅಪಶಕುನ ಅಂತ ಎಲ್ಲರೂ ಹೆದರಿದ್ದಾರೆ. ಅದಕ್ಕೆ ಕೆರೆ ತೊಳೆಸಿ ಹೊಸ ಮೀನು ಬಿಟ್ಟಿದ್ದೇವೆ. ವೇದಾ ಒಮ್ಮೆ ಬಂದು ನಿಂತ್ರೆ ಜನಕ್ಕೆ ಧೈರ್ಯ."

"ಯಾವ ಮೀನು?" ಎಂದು ಕೇಳಿದೆ.

"ಅಂಗಡಿಯದ್ದು. ಕೆಂಪು, ಬಂಗಾರದ ಬಣ್ಣ. ಬಹಳ ಚಂದ ಉಂಟು."

ಅವರನ್ನು ಕೊಡೆ ಸಮೇತ ಮೆಟ್ಟಿಲಿಗೆ ದಬ್ಬಬೇಕು ಅನ್ನಿಸಿತು. ಆದರೆ ಪಾಪ, ಅವರು ಕೊಡೆಯ ನೀರು ನೆಲಕ್ಕೆ ಬೀಳಬಾರದೆಂದು ಅಂಗೈ ಒಡ್ಡಿ ನಿಂತಿದ್ದರು. ಒಳಗಿನಿಂದ ವೇದಾ, "ಬರ್ತೇನೆ ಮುಂಡಪ್ಪಣ್ಣ" ಎಂದಳು.

ಶನಿವಾರ ಹೋದೆವು. ಮಳೆ ಹನಿಯುತ್ತಿತ್ತು. ಕೆರೆಯ ಸುತ್ತ ಹೆಂಗಸರು ಕೊಡೆ ಹಿಡಿದು ಕಾದಿದ್ದರು. ನೀರಿನಲ್ಲಿ ಕೆಂಪು ಮೀನುಗಳು ಬಾಲ ಬಳುಕಿಸಿ ಓಡಾಡುತ್ತಿದ್ದವು. ವೇದಾಳನ್ನು ನೋಡಿ ಎಲ್ಲರೂ ದಾರಿ ಬಿಟ್ಟರು. ಯಾರೋ "ಎಷ್ಟು ಸಪೂರ ಆಗಿದ್ದಾಳೆ ಪಾಪ" ಎಂದರು. ದೊಡ್ಡಮ್ಮ ಹೊದಳಿನ ತಟ್ಟೆ ಹಿಡಿದು ಮುಂದೆ ಬಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ.

"ಹರಕೆ ಸಂದಾಯ ನಿನ್ನ ಕೈಯಿಂದಲೇ ಆಗ್ಬೇಕು ಬಾಲೆ. ಆ ಮೀನುಗಳು ನಿನ್ನ ಕಾಮಾಲೆಯನ್ನು ತಮ್ಮ ಮೈಮೇಲೆ ತಗೊಂಡು ಹೋದವು. ನಾನು ಕೇಳಿದ್ದನ್ನು ಕೊಟ್ಟವು. ಇನ್ನು ದಿನಾ ಬಂದು ಹಾಕ್ತೇನೆ, ಜೀವ ಇರುವವರೆಗೆ."

ನನಗೆ ತಡೆಯಲಿಲ್ಲ. ಮೂರು ವಾರ ಕಚ್ಚಿ ಹಿಡಿದಿದ್ದ ನಾಲಿಗೆ ಬಿಟ್ಟುಹೋಯಿತು.

"ಸಾಕು ಮಾಡು ದೊಡ್ಡಮ್ಮ! ಎಂತ ತಗೊಂಡು ಹೋಗುವುದು? ನೀನು ಹಾಕಿದ ಅಕ್ಕಿ ಕೊಳೆತು ಉಸಿರು ಕಟ್ಟಿ ಸತ್ತವು ಅವು! ನೀನೇ ಕೊಂದದ್ದು! ಲೋಕದಲ್ಲಿ ಒಂದೂ ಉಳಿದಿಲ್ಲ, ಗೊತ್ತುಂಟಾ ನಿನಗೆ? ಒಂದೂ!"

ಭಜನೆಯವನ ತಾಳ ನಿಂತಿತು. ದೊಡ್ಡಮ್ಮ ನನ್ನನ್ನು ನೋಡಲಿಲ್ಲ, ವೇದಾಳನ್ನು ನೋಡಿದಳು. "ಹೌದಾ ಮಗಾ?" ಎಂದಳು. ಅವಳ ದನಿ ಸಣ್ಣ ಮಗುವಿನದ್ದಾಗಿತ್ತು. "ನಾನಾ?"

ವೇದಾ ಹತ್ತು ವರ್ಷ ಆ ಮೀನಿನ ವಿಷಯದಲ್ಲಿ ಎಲುಬಿನ ಲೆಕ್ಕವನ್ನೂ ತಪ್ಪು ಬರೆಯದವಳು. ನಾನು ಅವಳ ಬಾಯಿಯನ್ನೇ ನೋಡುತ್ತ ನಿಂತೆ. ಹೇಳು, ನಿಜ ಹೇಳಿಬಿಡು, ಯಾರಾದರೊಬ್ಬರು ಇಲ್ಲಿ ನಿಜ ಹೇಳಬೇಕು ಎಂದು ಒಳಗೊಳಗೇ ಕೂಗುತ್ತಿದ್ದೆ.

"ಇಲ್ಲ ದೊಡ್ಡಮ್ಮ" ಎಂದಳು ವೇದಾ. "ಅಕ್ಕನಿಗೆ ಸಿಟ್ಟು ಬಂದ್ರೆ ಬಾಯಿಗೆ ಬಂದದ್ದು ಹೇಳ್ತಾಳೆ, ನಿನಗೆ ಗೊತ್ತಿಲ್ವಾ? ನೀನು ಹೇಳಿದ್ದೇ ಸರಿ. ನನ್ನ ರೋಗ ತಗೊಂಡು ಹೋದವು."

"ಹೌದಲ್ಲ?"

"ಹೌದು."

ಅವಳು ತಟ್ಟೆಗೆ ಕೈ ಹಾಕಿ ಹಿಡಿ ತುಂಬ ಹೊದಳು ತೆಗೆದು ಕೆರೆಗೆ ಹಾಕಿದಳು. ಕೆಂಪು ಮೀನುಗಳು ನುಗ್ಗಿ ಬಂದವು. ದೊಡ್ಡಮ್ಮ ಕಣ್ಣೊರೆಸಿಕೊಂಡು ಕೈ ಮುಗಿದಳು. "ಹೇಗೆ ತಿನ್ತವೆ ನೋಡು ಮಗಾ!" ಎಂದಳು.

"ಹಾಕು ದೊಡ್ಡಮ್ಮ" ಎಂದಳು ನನ್ನ ತಂಗಿ. "ಇನ್ನು ಎಷ್ಟು ಬೇಕಾದರೂ ಹಾಕು."